ಒಟಿ 370 ಮೇಲೋ, ಚೀಲಕ್ಕೆ 9,600 ಮೇಲೋ?

ಗುಂಪು: ನಮ್ಮ ಮನೆಯವರು (ಮಡಿಕೇರಿ – ಸುಂಟಿಕೊಪ್ಪ – ಕುಶಾಲನಗರ)

ಹರೀಶ: 📷 (ಫಾರ್ವರ್ಡ್ ಆದ ಚಿತ್ರ: ಇವತ್ತಿನ ರೇಟು. ರೊಬಸ್ಟಾ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಚೀಲಕ್ಕೆ 9,600. ಕೆಳಗೆ ಇನ್ನೊಂದು ಅಂಗಡಿಯದ್ದು, ರೊಬಸ್ಟಾ ಚೆರಿ ಒಟಿ (ಔಟ್‌ಟರ್ನ್) 370, ಅಂದರೆ ಚೀಲದಿಂದ ಸಿಗುವ ಬೇಳೆಯ ಪ್ರತಿ ಕೆಜಿಗೆ 370.)

ಹರೀಶ: ಎರಡೂ ಇವತ್ತಿನದ್ದೇ. ಒಟಿಯವನ ಹತ್ತಿರ ಚೀಲಕ್ಕೆ 26 ಕೆಜಿ ಬೇಳೆ ಬಂದ್ರೂ 9,620. ಇಪ್ಪತ್ತು ರೂಪಾಯಿಗೆ ಇಷ್ಟೆಲ್ಲ ಸ್ಯಾಂಪಲ್ ರಗಳೆ ಯಾಕೆ? 9,600ಕ್ಕೆ ಕೊಟ್ಟು ಮುಗಿಸಿ ಅಂತ ನನ್ನ ಅಭಿಪ್ರಾಯ.

ಚಂದ್ರಣ್ಣ: ಸರಿ ಇದೆ. ಚೀಲದ ರೇಟಲ್ಲಿ ತಲೆನೋವು ಇಲ್ಲ. ಒಟಿ ಅಂದ್ರೆ ತಕ್ಕಡಿಯೂ ಅವರದ್ದೇ, ಸಿಪ್ಪೆ ಬಿಡಿಸೋ ಹಲ್ಲರ್ರೂ ಅವರದ್ದೇ.

ಲೀಲಾ ಅತ್ತಿಗೆ: 26 ಬರುತ್ತೆ ಅಂತ ಯಾರು ಹೇಳಿದ್ದು ಹರೀಶ? 9,600ನ್ನು 370ರಿಂದ ಭಾಗಿಸು. 25.95. ನಿನ್ನ ಕಾಫಿ ಅದಕ್ಕಿಂತ ಮೇಲೆ ಬಂದರೆ ಒಟಿ, ಕೆಳಗೆ ಬಂದರೆ ಚೀಲದ ರೇಟು. 28 ಬಂದರೆ 10,360. 24.5 ಬಂದರೆ 9,065. ಅರ್ಧ ಕೆಜಿ ಔಟ್‌ಟರ್ನ್‌ಗೆ ಚೀಲದ ಮೇಲೆ 185 ರೂಪಾಯಿ ಹೋಗುತ್ತೆ ಅಥವಾ ಬರುತ್ತೆ.

ನವ್ಯ: ಅತ್ತೆ, ಔಟ್‌ಟರ್ನ್ ಅಂದ್ರೆ 50 ಕೆಜಿ ಚೆರಿ ಹಲ್ ಮಾಡಿದ್ರೆ ಸಿಗೋ ಬೇಳೆಯ ತೂಕ ತಾನೇ?

ಲೀಲಾ ಅತ್ತಿಗೆ: ಹೌದು. ಉಳಿದದ್ದು ಹೊಟ್ಟು. ಮನೆಯಲ್ಲೇ ನೋಡಬಹುದು. 200 ಗ್ರಾಂ ಚೆರಿ ತೂಗು, ಸಿಪ್ಪೆ ಬಿಡಿಸು, ಬೇಳೆ ತೂಗು, ನಾಲ್ಕರಿಂದ ಭಾಗಿಸು. 104 ಗ್ರಾಂ ಬಂದರೆ 26. ಅಂಗಡಿಯಲ್ಲಿ 100 ಗ್ರಾಂ ಮಾತ್ರ ತೂಗಿದರೆ ಒಂದು ಗ್ರಾಂ ಆಚೀಚೆ ಆದರೂ ಅರ್ಧ ಕೆಜಿ ಔಟ್‌ಟರ್ನ್ ಹೋಯ್ತು, ಅಂದರೆ ಅದೇ 185. ಹಾಗಾಗಿ 200 ಗ್ರಾಂ ತೂಗಿ ಅಂತ ಕೇಳಿ. ತಕ್ಕಡಿ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವಂಥದ್ದಾಗಿರಲಿ.

ಪೂವಯ್ಯ ಮಾವ: ಸ್ಯಾಂಪಲ್ ತೆಗೆಯೋದೇ ಮುಖ್ಯ. ಬಾಯಿ ಬಿಚ್ಚಿದ ಚೀಲದ ಮೇಲಿಂದ ಒಂದು ಹಿಡಿ ತಗೊಂಡರೆ ಅದು ಸ್ಯಾಂಪಲ್ ಅಲ್ಲ. ಪ್ರತಿ ಚೀಲದ ಮೇಲೆ, ನಡುವೆ, ಅಡಿ ಮೂರೂ ಕಡೆ ಚುಚ್ಚಿ ತೆಗೀಬೇಕು. ಎಲ್ಲಾ ಒಂದೇ ಗುಡ್ಡೆ ಹಾಕಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಇಟ್ಟುಕೊಂಡು ಮತ್ತೆ ಕಲಸಬೇಕು. 200 ಗ್ರಾಂ ಸುತ್ತಮುತ್ತ ಬರುವ ತನಕ ಇದೇ. ಕಣದ ಕೊನೆ ಗುಡಿಸಿದ ಚೀಲದಲ್ಲಿ ಮಣ್ಣು ಕಲ್ಲು ಇರುತ್ತೆ. ಅದನ್ನು ಬೇರೆ ಇಡಿ.

ಚಂದ್ರಣ್ಣ: ಮಾವ, ಹತ್ತು ಚೀಲ ಇರೋನು ಇದೆಲ್ಲ ಮಾಡ್ತಾ ಕೂತ್ರೆ ಆಯ್ತು 😄

ಪೂವಯ್ಯ ಮಾವ: ಹತ್ತು ಚೀಲಕ್ಕೆ ಒಂದು ಗಂಟೆ ಸಾಕು ಮಾರಾಯ. ಬಾಕಿ ದಿನ ಗುಂಪಲ್ಲಿ ಗುಡ್ ಮಾರ್ನಿಂಗ್ ಹಾಕೋದಕ್ಕಿಂತ ಒಳ್ಳೇದು.

ಹರೀಶ: ನಮ್ಮದು 40 ಚೀಲ. ಮೊದಲ ಕೊಯ್ಲಿನ ಹಣ್ಣು 30 ಚೀಲ, ಕೊನೆಯಲ್ಲಿ ಕಾಯಿ ಹಣ್ಣು ನೋಡದೆ ಗಿಡ ಸೋರಿಸಿ ಕಿತ್ತದ್ದು 10. ಎಲ್ಲಾ ಸೇರಿಸಿ ಕೊಟ್ಟರೆ ಸರಾಸರಿ ಬರುತ್ತಲ್ಲ?

ಲೀಲಾ ಅತ್ತಿಗೆ: ಸೇರಿಸಬೇಡ! ಹಣ್ಣಿನ ಲಾಟ್ 27, ಸೋರಿಸಿದ್ದು 24 ಅಂತ ಇಟ್ಟುಕೋ. ಕಾಯಿಯಲ್ಲಿ ಬೇಳೆ ತುಂಬಿರುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯದ್ದೇ ತೂಕ. ಸೇರಿಸಿದರೆ 26.25. ಒಟಿಯಲ್ಲಿ ಕೊಟ್ಟರೆ ಒಟ್ಟು ಹಣ ಸೇರಿಸಿದರೂ ಅಷ್ಟೇ, ಬೇರೆ ಮಾಡಿದರೂ ಅಷ್ಟೇ. ಆದರೆ ಬೇರೆ ಇದ್ದರೆ 30 ಚೀಲ ಒಟಿಗೆ, ತಲಾ 9,990. 10 ಚೀಲ 9,600ರವನಿಗೆ. ಒಟಿಯಲ್ಲಿ ಆ ಹತ್ತಕ್ಕೆ ತಲಾ 8,880 ಮಾತ್ರ ಸಿಗುತ್ತಿತ್ತು. 7,200 ರೂಪಾಯಿ ಉಳೀತು.

ಚಂದ್ರಣ್ಣ: ಅತ್ತಿಗೆ, ಚೀಲದ ರೇಟಿನವನೇನು ಕಣ್ಣು ಮುಚ್ಚಿ ತಗೊಳ್ತಾನಾ? ಅವನೂ ನಾಲ್ಕು ಕಾಯಿ ಜಜ್ಜಿ ನೋಡ್ತಾನೆ. ಕಪ್ಪು ಬೇಳೆ ಕಂಡ್ರೆ, ಬೋರರ್ ಹುಳದ ತೂತು ಕಂಡ್ರೆ ಅಲ್ಲೇ ಮುನ್ನೂರು ನಾನೂರು ಇಳಿಸ್ತಾನೆ. ನಿಮ್ಮ ಏಳು ಸಾವಿರದ ಲೆಕ್ಕ ಕಾಗದದ ಮೇಲೆ ಮಾತ್ರ.

ಲೀಲಾ ಅತ್ತಿಗೆ: ನಾನೂರು ಇಳಿಸಿದರೂ 9,200 ಆಯ್ತಲ್ಲ ಚಂದ್ರಣ್ಣ, 8,880ಕ್ಕಿಂತ ಮೇಲೇ. ಆದರೆ ನೀವು ಹೇಳಿದ್ದರಲ್ಲಿ ಹುರುಳಿದೆ. ಲೋಡ್ ಮಾಡುವ ಮೊದಲೇ ಮಾಲು ತೋರಿಸಿ ರೇಟು ಬರೆಸಿಕೊಳ್ಳಬೇಕು. ಚೀಲ ಲಾರಿ ಹತ್ತಿದ ಮೇಲೆ ಚೌಕಾಸಿ ಮಾಡುವ ಶಕ್ತಿ ನಮ್ಮ ಕಡೆ ಇರುವುದಿಲ್ಲ.

ಲೀಲಾ ಅತ್ತಿಗೆ: ಇನ್ನೊಂದು. ಒಟಿಯಲ್ಲಿ ಬೇಳೆ ತೂಗುವ ಮೊದಲೇ ಕಪ್ಪು, ಬಿಟ್ಸ್ (ಒಡೆದ ಬೇಳೆ) ಆರಿಸಿ ತೆಗೆದರೆ, ಆಮೇಲೆ ಮತ್ತೆ ಶೇಕಡಾ ಲೆಕ್ಕದಲ್ಲಿ ಕಪ್ಪಿಗೆ ಕಡಿತ ಹಾಕುವ ಹಾಗಿಲ್ಲ. ಅದು ಎರಡು ಸಲ ಕಡಿದ ಹಾಗೆ. ಯಾವುದಾದರೂ ಒಂದು ಅಂತ ಕೇಳಿ.

ನವ್ಯ: ಮಾಯಿಶ್ಚರ್ (ತೇವ) ಕಡಿತ?

ಪೂವಯ್ಯ ಮಾವ: ಅದು ನ್ಯಾಯ. ರೊಬಸ್ಟಾ ಚೆರಿಗೆ 11%, ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) 10%. ಅದರ ಮೇಲೆ ಇದ್ದರೆ ನೀರು ಮಾರಿದ ಹಾಗೆ. ಆದರೆ ಎಷ್ಟು ಕಡೀಬೇಕು ಅನ್ನೋದಕ್ಕೆ ಲೆಕ್ಕ ಇದೆ.

ನವ್ಯ: ನೋಡಿದೆ. 50 ಕೆಜಿ, 13.5% ಇದ್ದರೆ ಒಣ ಅಂಶ 43.25 ಕೆಜಿ. ಅದನ್ನೇ 11%ಕ್ಕೆ ತಂದರೆ 48.6. ಅಂದರೆ ಕಡಿತ 1.4 ಕೆಜಿ. ಒಂದು ಪಾಯಿಂಟಿಗೆ ಸುಮಾರು 560 ಗ್ರಾಂ. ಪಾಯಿಂಟಿಗೆ ಒಂದು ಕೆಜಿ ಅಂತ ಸುತ್ತು ಹಾಕಿದರೆ ಅವರು 440 ಗ್ರಾಂ ಜಾಸ್ತಿ ತಗೊಂಡ ಹಾಗೆ.

ಹರೀಶ: ಹಾಗಾದ್ರೆ ಚೆನ್ನಾಗಿ ಒಣಗಿಸಿ 9ಕ್ಕೆ ತಂದುಬಿಟ್ರೆ ಯಾರೂ ಮಾತಾಡಲ್ಲ.

ನವ್ಯ: ಮಾತಾಡಲ್ಲ ಚಿಕ್ಕಪ್ಪ, ಆದರೆ ದುಡ್ಡು ಹೋಗುತ್ತೆ. 9%ರ 50 ಕೆಜಿ, 11% ಇದ್ದಿದ್ದರೆ 51.1 ಕೆಜಿ ತೂಗ್ತಿತ್ತು. ಚೀಲಕ್ಕೆ ಇನ್ನೂರರ ಮೇಲೆ ನಷ್ಟ. ಜಾಸ್ತಿ ಒಣಗಿದ್ದಕ್ಕೆ ಬೋನಸ್ ಕೊಡೋ ಅಂಗಡಿ ಎಲ್ಲಿದೆ?

ಲೀಲಾ ಅತ್ತಿಗೆ: ಮೇಲಾಗಿ ಅತಿಯಾಗಿ ಒಣಗಿದ್ದು ಹಲ್ಲರ್‌ನಲ್ಲಿ ಒಡೆದು ಬಿಟ್ಸ್ ಜಾಸ್ತಿ ಆಗುತ್ತೆ. ಅಲ್ಲಾಡಿಸಿದಾಗ ಗಲಗಲ ಅಂದ ಮಾತ್ರಕ್ಕೆ 11 ಆಯ್ತು ಅಂತಲ್ಲ. ಒಂದೇ ಡಬ್ಬಿಯನ್ನು ಒಂದೇ ಮಟ್ಟಕ್ಕೆ ತುಂಬಿಸಿ ಎರಡು ಸಂಜೆ ತೂಗಿ. ತೂಕ ಇಳಿಯುವುದು ನಿಂತರೆ ಕಣದಿಂದ ಎತ್ತಿ. ಮೀಟರ್ ಹಿಡಿಯೋದಾದರೆ ಬಿಸಿಲಿನಿಂದ ಎತ್ತಿದ ಕೂಡಲೇ ಬೇಡ. ನೆರಳಲ್ಲಿ ಆರಿದ ಮೇಲೆ. ಬಿಸಿ ಕಾಫಿಗೆ ಮೀಟರ್ ತಪ್ಪು ತೋರಿಸುತ್ತೆ. ಪಾರ್ಚ್‌ಮೆಂಟಿಗೆ, ಚೆರಿಗೆ ಬೇರೆ ಬೇರೆ ಸೆಟ್ಟಿಂಗ್ ಇರುತ್ತೆ, ಅದನ್ನೂ ನೋಡಿ.

ಪೂವಯ್ಯ ಮಾವ: ಕಣದಲ್ಲಿ ಎಂಟು ಸೆಂಟಿಮೀಟರ್‌ಗಿಂತ ದಪ್ಪ ಹರಡಬೇಡಿ, ಗಂಟೆಗೊಂದು ಸಲ ಗೋರಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ದಪ್ಪ ಹಾಕಿದರೆ ಮೇಲೆ 10, ಅಡಿಯಲ್ಲಿ 15. ಆಮೇಲೆ ಮೀಟರಿಗೆ ಬೈಯೋದು.

ಚಂದ್ರಣ್ಣ: ಇಷ್ಟೆಲ್ಲ ಬೇಡ, ಇಟ್ಟುಕೊಂಡರೆ ಆಯ್ತು. ಮಳೆಗಾಲದಲ್ಲಿ ರೇಟು ಏರುತ್ತೆ.

ನವ್ಯ: ದೊಡ್ಡಪ್ಪ, ಏರುತ್ತೆ ಅನ್ನೋಕೆ ಆಧಾರ ಏನು? ರೊಬಸ್ಟಾ ಲಂಡನ್ ವಾಯಿದಾ ಮಾರುಕಟ್ಟೆ ರೇಟಿನ ಹಿಂದೆ ಹೋಗುತ್ತೆ. ಟನ್ನಿಗೆ 4,000 ಡಾಲರ್, ಡಾಲರಿಗೆ 90 ರೂಪಾಯಿ ಅಂತ ಇಟ್ಕೊಂಡ್ರೆ ಕೆಜಿ ಬೇಳೆಗೆ 360. ಒಟಿ ಅದರ ಆಸುಪಾಸಲ್ಲೇ ಸುತ್ತುತ್ತೆ. 2025ರ ಫೆಬ್ರವರಿಯಲ್ಲಿ ಲಂಡನ್ 5,500 ದಾಟಿತ್ತು, ಅದೇ ವರ್ಷ ಜುಲೈಗೆ 3,500ರ ಕೆಳಗೆ. ಮಳೆಗಾಲಕ್ಕೆ ಅಂತ ಇಟ್ಟವರಿಗೆ ಏನಾಯ್ತು ಅಂತ ನಾನು ಹೇಳಬೇಕಾ?

ಚಂದ್ರಣ್ಣ: ಒಂದು ವರ್ಷ ನೋಡಿ ಹೇಳ್ಬೇಡ. ಅದರ ಹಿಂದಿನ ವರ್ಷ, 2024ರಲ್ಲಿ, ಇಟ್ಟವನೇ ಗೆದ್ದಿದ್ದು. ಸೆಪ್ಟೆಂಬರಲ್ಲೂ 5,000ದ ಮೇಲೆ ಇತ್ತು.

ಲೀಲಾ ಅತ್ತಿಗೆ: ಇಬ್ಬರೂ ಸರಿ, ಅದಕ್ಕೇ ಅದು ಜೂಜು. ಇಡೋದಾದರೆ ಸಾಲದ ಬಡ್ಡಿ ಇಲ್ಲದ ಪಾಲನ್ನು ಮಾತ್ರ ಇಡಿ. ಮರದ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ. ನಮ್ಮ ಜುಲೈ ಗಾಳಿಗೆ 11 ಇದ್ದ ಚೆರಿ ತೇವ ಎಳೆದುಕೊಂಡು ಮೇಲೆ ಹೋಗುತ್ತೆ, ಬೇಳೆ ಬಿಳಿಚುತ್ತೆ. ಆಗ ರೇಟು ಏರಿದ್ದರೂ ನಿಮ್ಮ ಮಾಲಿಗೆ ಆ ರೇಟು ಇಲ್ಲ.

ಹರೀಶ: ಸರಿ, ಎರಡು ಲಾಟ್ ಬೇರೆ ಮಾಡ್ತೀನಿ. ಗೋಣಿ ತೂಕ ಅಂತ ಒಂದು ಕೆಜಿ ಕಳೀತಾರಲ್ಲ, ಅದು?

ಪೂವಯ್ಯ ಮಾವ: ಹತ್ತು ಖಾಲಿ ಗೋಣಿ ಒಟ್ಟಿಗೆ ತಕ್ಕಡಿಗೆ ಹಾಕಿ, ಹತ್ತರಿಂದ ಭಾಗಿಸಿ, ಅಷ್ಟೇ ಕಳೀಲಿ.

ಚಂದ್ರಣ್ಣ: ನಾನಂತೂ ಚೀಲದ ರೇಟಿಗೇ ಕೊಡೋದು. ನಮ್ಮದು ಎಲ್ಲಾ ಸೋರಿಸಿದ್ದೇ.

ಲೀಲಾ ಅತ್ತಿಗೆ: ನಿಮಗೆ ಅದೇ ಲಾಭ ಚಂದ್ರಣ್ಣ, ನಾನು ಬೇಡ ಅಂದೇ ಇಲ್ಲ. ಹರೀಶ, ಒಟಿಗೆ ಹೋಗುವಾಗ ಕಲಸಿದ ಸ್ಯಾಂಪಲ್‌ನಲ್ಲಿ ಇನ್ನೊಂದು ಪಾಲು ಕವರಿನಲ್ಲಿ ಅಂಟಿಸಿ, ಇಬ್ಬರೂ ಸಹಿ ಮಾಡಿ ನಿನ್ನ ಹತ್ತಿರ ಇಟ್ಟುಕೋ. ಅವರ ಔಟ್‌ಟರ್ನ್‌ಗೂ ನಿನ್ನದಕ್ಕೂ ಅರ್ಧ ಕೆಜಿ ವ್ಯತ್ಯಾಸ ಬಂದರೆ ಅದನ್ನು ಇನ್ನೊಂದು ಕಡೆ ಹಲ್ ಮಾಡಿಸಬಹುದು.