ಪದಚರ್ಚೆ: ‘ಸಬ್‌ವೇ’ಗೆ ಏನಂತ ಬರೆಯೋದು? ನಾಳೆಗೇ ಬೇಕು

(ವಿಜಯಪುರದಿಂದ)
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಎಂಟನೇ ತರಗತಿ ಮಕ್ಕಳು ನ್ಯೂಯಾರ್ಕ್ ಸಬ್‌ವೇ ಮಾದರಿ ಮಾಡುತ್ತಿದ್ದಾರೆ. ಫಲಕದ ಬರಹ ನನ್ನ ಪಾಲಿಗೆ ಬಂದಿದೆ. ‘ಸುರಂಗ ರೈಲು’ ಅಂತ ಬರೆದಿದ್ದೆ. ರಟ್ಟಿನ ಕಂಬಗಳ ಮೇಲೆ ಹಳಿ ಅಂಟಿಸುತ್ತಿದ್ದ ಹುಡುಗಿ ತಲೆ ಎತ್ತಿ, ‘ಟೀಚರ್, ಸುರಂಗ ಅಂದ್ರ ಇದು ಮ್ಯಾಲ್ಯಾಕ ಹೊಂಟೈತಿ?’ ಅಂದಳು. ಖರೆ ಮಾತು. ಅಲ್ಲಿಯ 472 ನಿಲ್ದಾಣಗಳಲ್ಲಿ ಎಷ್ಟೋ ನಿಲ್ದಾಣಗಳು ಬೀದಿಯ ಮೇಲೆ ಕಬ್ಬಿಣದ ಕಂಬಗಳ ಮೇಲಿವೆ. ‘ಸಬ್‌ವೇ’ ಅಂತಲೇ ಬಿಟ್ಟರೆ ನಮ್ಮವರು ರಸ್ತೆ ದಾಟುವ ಕೆಳದಾರಿ ಅಂದುಕೊಳ್ಳುತ್ತಾರೆ. ರೈಲು ಬದಲಿಸುವ ನಿಲ್ದಾಣಕ್ಕೂ ಒಂದು ಪದ ಹೇಳ್ರಿ. ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಕೇಳಿದ್ದಾರೆ.

(ಬಾಗಲಕೋಟೆಯಿಂದ)
‘ಸುರಂಗ’ ಬಿಡಿ, ಅದು ನಮ್ಮದಲ್ಲ. ಸಂಸ್ಕೃತದ ‘ಸುರುಂಗಾ’, ಅದರ ಹಿಂದೆ ಗ್ರೀಕಿನ ‘ಸಿರಿಂಕ್ಸ್’ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ನೆಲದೊಳಗಿನದಕ್ಕೆ ನಮ್ಮಲ್ಲಿ ‘ಹಗೇವು’ ಇದೆ, ಅಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ. ನಮ್ಮಜ್ಜ ಹಗೇವಿನ ಬಾಯಿಕಲ್ಲು ಸರಿಸಿ, ಒಂದಿಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದಿದ್ದರಷ್ಟೇ ಜೋಳ ತೆಗೆಯಲು ಆಳನ್ನು ಇಳಿಸುತ್ತಿದ್ದರು. ಅಂಥ ಪದ ಸಾಯಬಾರದು. ‘ಹಗೇವು ಬಂಡಿ’ ಎನ್ನಿ, ನಾಲ್ಕು ಸಲ ಕಿವಿಗೆ ಬಿದ್ದರೆ ಪಳಗುತ್ತದೆ. ‘ನಿಲ್ದಾಣ’ ಇರಲಿ, ಅಚ್ಚಗನ್ನಡ.

(ಬೆಳಗಾವಿಯಿಂದ)
ಹಗೇವು ಆಗದು. ಹಗೇವಿಗೆ ಬಾಯಿ ಒಂದೇ, ಇಳಿದವನು ಅದೇ ಬಾಯಿಂದ ಹತ್ತಿ ಬರಬೇಕು. ದಾರಿಗೆ ಎರಡು ತುದಿ ಬೇಕು.

ಟೀಚರ್, ‘ಮೆಟ್ರೊ’ ಎನ್ನಿ. ಆ ಪದದಲ್ಲಿ ಸುರಂಗವೇ ಇಲ್ಲ. 1863ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು ‘ಮೆಟ್ರೊಪಾಲಿಟನ್ ರೈಲ್ವೆ’, ಅಂದರೆ ಮಹಾನಗರದ ರೈಲು. 1900ರಲ್ಲಿ ಪ್ಯಾರಿಸ್‌ನವರೂ ಅದೇ ಹೆಸರಿಟ್ಟರು, ಬಾಯಲ್ಲಿ ಅದು ಮೆಟ್ರೊ ಆಯಿತು. 2011ರಲ್ಲಿ ಬೆಂಗಳೂರಿನ ಮೊದಲ ಗಾಡಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಕಂಬಗಳ ಮೇಲೆಯೇ ಓಡಿತು, ಆಗಲೂ ಹೆಸರು ತಪ್ಪಾಗಲಿಲ್ಲ.

ಇನ್ನೊಂದಕ್ಕೆ ‘ಅಂತರ್ಬದಲಾವಣಾ ನಿಲ್ದಾಣ’ ಎಂದು ಮಾತ್ರ ಬರೆಯಬೇಡಿ. ನಿಮ್ಮೂರಿಂದ ಬಳ್ಳಾರಿಗೆ ಹೊರಟವರು ‘ಗದಗದಾಗ ಗಾಡಿ ಬದಲಿ’ ಅನ್ನುತ್ತಾರೆ. ‘ಗಾಡಿ ಬದಲಿ ನಿಲ್ದಾಣ’ ಸಾಕು.

(ಬಾಗಲಕೋಟೆಯಿಂದ)
ಮೆಟ್ರೊ ಎಂದೇ ಬರೆಯುವುದಾದರೆ ಕನ್ನಡ ಫಲಕ ಯಾಕೆ ಬೇಕು? ಕಂಡದ್ದನ್ನೆಲ್ಲ ಕಡ ತಂದರೆ ನಮ್ಮ ಬೇರುಗಳು ಒಣಗುತ್ತವೆ.

(ಬೆಳಗಾವಿಯಿಂದ)
ಕನ್ನಡ ಫಲಕಕ್ಕಾಗಿ ಬೀದಿಗಿಳಿದ ಊರು ನಮ್ಮದು, ಆ ಮಾತು ನಮಗೆ ಬೇಡ. ನಿಮ್ಮ ‘ನಿಲ್ದಾಣ’ ಬಿಡಿಸಿ: ನಿಲ್ + ತಾಣ, ಆದೇಶ ಸಂಧಿ. ‘ತಾಣ’ ‘ಸ್ಥಾನ’ದ ತದ್ಭವ. ‘ರಸ್ತೆ’, ‘ಜಮೀನು’ ಫಾರಸಿಯಿಂದ ಬಂದವು. ಉತಾರದಲ್ಲಿ (ಪಹಣಿಯಲ್ಲಿ) ‘ಜಮೀನು’ ಎಂದಿದ್ದರೆ ಹೊಲ ಪರರದಾಗುವುದಿಲ್ಲ. ‘ಸುರಂಗ’ವೂ ಅಷ್ಟೇ. ಆದಿಲ್‌ಶಾಹಿ ಕಾಲದ ಸುರಂಗ ಬಾವಡಿ ಇರುವ ವಿಜಯಪುರದಲ್ಲಿ ಅದನ್ನು ಹೊರಗಿನ ಪದ ಎಂದರೆ ಯಾರೂ ಒಪ್ಪುವುದಿಲ್ಲ. ಇಲ್ಲಿ ಅದು ಬೇಡ ಎನ್ನುವುದು ಅರ್ಥ ಹೊಂದದ್ದಕ್ಕೆ, ಮೂಲಕ್ಕಲ್ಲ.

(ವಿಜಯಪುರದಿಂದ)
ಇಬ್ಬರಿಗೂ ಶರಣು. ಫ್ಲೆಕ್ಸ್‌ಗೆ ಹೀಗೆ ಕಳಿಸಿದೆ: ‘ನ್ಯೂಯಾರ್ಕ್ ಮಹಾನಗರದ ಮೆಟ್ರೊ ರೈಲು. 1904ರಲ್ಲಿ ಆರಂಭ. ಅಲ್ಲಿಯವರು ಇದನ್ನು ಸಬ್‌ವೇ ಎನ್ನುತ್ತಾರೆ.’ ಮಾದರಿಯ ಮೇಲೆ ‘ಗಾಡಿ ಬದಲಿ’ ಚೀಟಿ ಅಂಟಿಸಿದ್ದೇವೆ. ಬಾಗಲಕೋಟೆಯ ಅಣ್ಣಾರ, ‘ಹಗೇವು’ ಗೊತ್ತಿದ್ದ ಮಕ್ಕಳು ತರಗತಿಯಲ್ಲಿ ಇಬ್ಬರೇ. ಆ ಕಂದೀಲಿನ ಸಂಗತಿ ಓದಿ ಹೇಳಿದೆ, ಮತ್ತೊಮ್ಮೆ ಓದಿಸಿಕೊಂಡರು.