ಮೂರು ಪುರಸಭೆ, ಒಂದು ಬಸ್ ಯೋಜನೆ: ದುಡ್ಡು ಹಂಚೋದು ಹೇಗೆ?

ಗಡಿಸ್ಟಾಪ್:
ನಾನು ಪುರಸಭೆ ಸದಸ್ಯೆ. ಪಕ್ಕದ ಎರಡು ಪುರಸಭೆಗಳ ಜೊತೆ ಸೇರಿ ಬಸ್ ಯೋಜನೆ ಮಾಡೋಣ ಅಂತ ಹೊರಟು ಆರು ತಿಂಗಳಾಯಿತು. ನಾಲ್ಕು ಸಭೆಯೂ ಆಯಿತು. ಪ್ರತಿ ಸಲ ಯಾರು ಎಷ್ಟು ಹಾಕಬೇಕು ಅನ್ನುವಲ್ಲಿಗೆ ಬಂದು ಎದ್ದು ಹೋಗುತ್ತೇವೆ. ಜನಸಂಖ್ಯೆ ಪ್ರಕಾರ ಅಂದರೆ ದೊಡ್ಡ ಊರಿನವರು ಒಪ್ಪುವುದಿಲ್ಲ. ಕಿಲೋಮೀಟರ್ ಲೆಕ್ಕ ಅಂದರೆ ಸಣ್ಣ ಊರಿನವರಿಗೆ ಸಿಟ್ಟು. ಬಸ್ಸು ಅವರ ಊರಲ್ಲಿ ಸುಮ್ನೆ ಹಾದು ಹೋಗುವುದೇ ಜಾಸ್ತಿ.

ಮೊನ್ನೆ ಬೆಳಿಗ್ಗೆ ಗಡಿ ಸ್ಟಾಪಿನಲ್ಲಿ ನಿಂತು ನೋಡಿದೆ. ನಮ್ಮ ಬಸ್ಸು ಬರುವುದು 8.10ಕ್ಕೆ. ಅಲ್ಲಿಂದ ಮುಂದಕ್ಕೆ ಹೋಗುವ ಪಕ್ಕದ ಊರಿನ ಬಸ್ಸು 8.06ಕ್ಕೇ ಹೊರಟಿರುತ್ತದೆ. ಹನ್ನೊಂದು ಜನ ಇಳಿದರು, ಖಾಲಿ ರಸ್ತೆ ನೋಡಿದರು, ನಡೆಯತೊಡಗಿದರು. ಒಬ್ಬಜ್ಜಿ ಮಾತ್ರ ಕಟ್ಟೆ ಮೇಲೆ ಕೂತರು. ಮುಂದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ.

ವೇಳಾಪಟ್ಟಿ ಹುಚ್ಚ:
ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಲೆಕ್ಕ ನೋಡಿ ಮೇಡಂ. ಅಲ್ಲಿ 1990ರಿಂದ ಇಡೀ ಪ್ರಾಂತ್ಯಕ್ಕೆ ಒಂದೇ ಸಾರಿಗೆ ಒಕ್ಕೂಟ. ಟಿಕೆಟ್ ಹಣ ಸಾಲದೆ ಬೀಳುವ ಕೊರತೆಯಲ್ಲಿ ಅರ್ಧ ಪ್ರಾಂತ್ಯದ್ದು, ಅರ್ಧ ಊರುಗಳದ್ದು. ಯಾರ ಸ್ಟಾಪಿನಲ್ಲಿ ಬಸ್ಸು, ರೈಲು ಜಾಸ್ತಿ ನಿಲ್ಲುತ್ತವೋ ಅವರ ಪಾಲು ಜಾಸ್ತಿ. ಊರಿನ ತೆರಿಗೆ ಆದಾಯವನ್ನೂ ಸ್ವಲ್ಪ ನೋಡುತ್ತಾರೆ. ನಿಲ್ಲದೆ ಹಾದು ಹೋದದ್ದಕ್ಕೆ ದುಡ್ಡಿಲ್ಲ. ನಿಮ್ಮ ಸಣ್ಣ ಊರಿನ ತಕರಾರು ಇದೇ ಅಲ್ವಾ?

ಹಳೇ ಟಿಕೆಟ್:
ನಾನು ಒಪ್ಪಲ್ಲ. ಮೊದಲು ಮೂರೂ ಊರಿನ ಬಸ್ಸಿಗೆ ಟಿಕೆಟ್ ಒಂದೇ ಮಾಡಿ, ದುಡ್ಡಿನ ಹಂಚಿಕೆ ಆಮೇಲೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೀಗೆ ಟಿಕೆಟ್ ಒಂದು ಮಾಡೋಕೆ ಅಂತ 1965ರಲ್ಲೇ ಬಸ್ಸು, ರೈಲು, ದೋಣಿ ನಡೆಸುವವರು ಒಂದೇ ಒಕ್ಕೂಟ ಕಟ್ಟಿಕೊಂಡರು. ಇನ್ನು ಆರು ತಿಂಗಳಿಗೇ ಬೇಜಾರಾ? ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್‌ನ 10 ಕೌನ್ಸಿಲ್‌ಗಳು ಸೇರಿ ಜಂಟಿ ಪ್ರಾಧಿಕಾರ ಮಾಡಿಕೊಂಡದ್ದು 2011ರಲ್ಲಿ. ಬಸ್ಸುಗಳ ಹಿಡಿತ ಪೂರ್ತಿ ಕೈಗೆ ಬಂದದ್ದು 2025ರ ಜನವರಿಯಲ್ಲಿ!

ವೇಳಾಪಟ್ಟಿ ಹುಚ್ಚ:
ಟಿಕೆಟ್ ಒಂದಾದರೆ 8.06ರ ಬಸ್ಸು ಕಾಯುತ್ತಾ ಸ್ವಾಮಿ?

ಗಡಿಸ್ಟಾಪ್:
ಇಬ್ಬರಿಗೂ ಥ್ಯಾಂಕ್ಸ್. ನಿಲುಗಡೆ ಲೆಕ್ಕವನ್ನು ಮುಂದಿನ ಸಭೆಗೆ ಒಯ್ಯುತ್ತೇನೆ. ಈ ನಡುವೆ ಆ ಊರಿನ ಸದಸ್ಯರಿಗೆ ಫೋನ್ ಮಾಡಿದ್ದೆ. ಅವರ ಬಸ್ಸನ್ನು ತಡ ಮಾಡೋಕಾಗಲ್ಲವಂತೆ, 8.30ಕ್ಕೆ ಶಾಲೆಯ ಗಂಟೆ. ಹಾಗಾದರೆ ನಮ್ಮದೇ ಎಂಟು ನಿಮಿಷ ಮೊದಲು ಹೊರಡಬೇಕು. ಡಿಪೋದವರು ಡ್ರೈವರ್ ಡ್ಯೂಟಿ ನೋಡಿ ಸೋಮವಾರ ಹೇಳುತ್ತೇವೆ ಅಂದಿದ್ದಾರೆ.