ರಾಬಿನ್‌ಸನ್ ಕ್ರೂಸೋ ಹಿಂದಿನ ಸೆಲ್ಕರ್ಕ್: ದ್ವೀಪದಲ್ಲಿ ಅವನ ಕೈಲಿ ಏನಿತ್ತು, ಹೇಗೆ ಬದುಕಿದ?

ಹಳೆಪುಟ (ಪ್ರಶ್ನೆ)

ಕ್ರೂಸೋ ಕತೆಗೆ ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ಸ್ಕಾಟ್ಲೆಂಡಿನ ನಾವಿಕ ಪ್ರೇರಣೆ ಅಂತ ಎಲ್ಲ ಕಡೆ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಬೇಕಿರುವುದು ವಿವರ. ಅವನ ಹಡಗು ಎಲ್ಲಿ ಒಡೆಯಿತು? ದಡ ಸೇರಿದಾಗ ಕೈಲಿ ಏನೇನಿತ್ತು? ಕೋವಿಮದ್ದು ಮುಗಿದ ಮೇಲೆ ಹೊಟ್ಟೆಗೇನು ಮಾಡಿದ? ಕಾದಂಬರಿಯಲ್ಲಿ ಅವನ ಪಾಲೆಷ್ಟು, ಅದನ್ನು ಬರೆದ ಡೇನಿಯಲ್ ಡೆಫೊ ಕಟ್ಟಿದ್ದೆಷ್ಟು?

ಪಡುಗಡಲು

ಮೊದಲು ಒಂದು ತಿದ್ದುಪಡಿ. ಸೆಲ್ಕರ್ಕ್‌ನ ಹಡಗು ಒಡೆಯಲಿಲ್ಲ. ಒಡೆಯುತ್ತದೆ ಎಂದು ಹೆದರಿ ಅವನೇ ಇಳಿದ.

ಹಡಗಿನ ಹೆಸರು ಸಿಂಕ್ ಪೋರ್ಟ್ಸ್, ಕ್ಯಾಪ್ಟನ್ ಥಾಮಸ್ ಸ್ಟ್ರಾಡ್ಲಿಂಗ್. ಸ್ಪೇನಿನ ಹಡಗುಗಳನ್ನು ದೋಚಲು ಪರವಾನಗಿ ಪಡೆದು 1703ರಲ್ಲಿ ವಿಲಿಯಂ ಡ್ಯಾಂಪಿಯರ್ ನಾಯಕತ್ವದಲ್ಲಿ ಹೊರಟ ಎರಡು ಹಡಗುಗಳಲ್ಲಿ ಒಂದು. ಸೆಲ್ಕರ್ಕ್ ಅದರ ಮಾಸ್ಟರ್, ಅಂದರೆ ಹಡಗಿನ ದಾರಿ ಲೆಕ್ಕ ನೋಡಿಕೊಳ್ಳುವವನು. ಬೆಚ್ಚಗಿನ ಕಡಲಿನಲ್ಲಿ ಮರ ಕೊರೆಯುವ ಹುಳುವಿನ ಕಾಟ ಹೆಚ್ಚು. ಹೆಸರಿಗೆ ಹುಳು, ಜಾತಿಯಲ್ಲಿ ಅದು ಚಿಪ್ಪಿಯ ಬಳಗ. ಹಲಗೆ ಹೊರಗಿಂದ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಜೇನುಗೂಡಿನಂತೆ ಟೊಳ್ಳಾಗಿರುತ್ತದೆ. ಹಡಗನ್ನು ದಡಕ್ಕೆ ತಂದು, ಮಗ್ಗುಲಿಗೆ ವಾಲಿಸಿ, ತಳ ಕೆರೆದು, ಕೆಟ್ಟ ಹಲಗೆ ತೆಗೆದು ಹೊಸದು ಹಾಕದೆ ಬೇರೆ ದಾರಿಯಿಲ್ಲ. ಸ್ಟ್ರಾಡ್ಲಿಂಗ್ ಅಷ್ಟು ದಿನ ನಿಲ್ಲಲು ಒಪ್ಪಲಿಲ್ಲ. 1704ರಲ್ಲಿ, ಚಿಲಿ ಕರಾವಳಿಯಿಂದ ಸುಮಾರು 670 ಕಿ.ಮೀ. ದೂರದ ಮಾಸ್ ಅ ಟಿಯೆರಾ ದ್ವೀಪದಲ್ಲಿ ಜಗಳ ಹತ್ತಿ ಸೆಲ್ಕರ್ಕ್ ಇಳಿದುಬಿಟ್ಟ. ದೋಣಿ ಹೊರಟಾಗ ಮನಸ್ಸು ಬದಲಾಯಿಸಿ ಕರೆದನಂತೆ, ಕ್ಯಾಪ್ಟನ್ ಕಿವಿಗೊಡಲಿಲ್ಲ. ಆದರೆ ಸೆಲ್ಕರ್ಕ್‌ನ ಅಂದಾಜು ಸರಿಯಾಗಿತ್ತು: ಹಡಗು ಮುಂದೆ ಕೊಲಂಬಿಯಾ ಕಡೆಯ ಮಾಲ್ಪೆಲೊ ಹತ್ತಿರ ಮುಳುಗಿತು, ಉಳಿದವರು ಸ್ಪೇನಿನವರ ಸೆರೆಯಾದರು.

ಕೈಲಿದ್ದದ್ದು: ಒಂದು ಕೋವಿ, ಒಂದು ಪೌಂಡ್ ಮದ್ದು (ಅರ್ಧ ಕಿಲೋಗೂ ಕಡಿಮೆ), ಗುಂಡುಗಳು, ಚಕಮಕಿ, ಕೈಗೊಡಲಿ, ಚಾಕು, ಅಡುಗೆ ಪಾತ್ರೆ, ಹಾಸಿಗೆ ಬಟ್ಟೆ, ಹೊಗೆಸೊಪ್ಪು, ಬೈಬಲ್, ಕೆಲವು ಪುಸ್ತಕ, ನಾವಿಕರ ಅಳತೆ ಉಪಕರಣಗಳು. ಗುಂಡು ಎಷ್ಟಿದ್ದರೇನು, ಮದ್ದು ಮುಗಿದ ದಿನ ಕೋವಿ ಬರಿಯ ಕೋಲು.

ನೇರಳೆಮರ

ಮುಂದಿನದನ್ನು ನಾನು ಬರೆಯುತ್ತೇನೆ. ಇದರ ಮುಖ್ಯ ಆಧಾರ ಅವನನ್ನು ಕರೆತಂದ ಕ್ಯಾಪ್ಟನ್ ವುಡ್ಸ್ ರಾಜರ್ಸ್ 1712ರಲ್ಲಿ ಪ್ರಕಟಿಸಿದ ಪ್ರವಾಸ ವೃತ್ತಾಂತ.

ಬೆಂಕಿ: ನಾವಿಕರು ಪಿಮೆಂಟೊ ಎಂದು ಕರೆಯುತ್ತಿದ್ದ ಮರದ ಎರಡು ತುಂಡುಗಳನ್ನು ಮೊಣಕಾಲ ಮೇಲಿಟ್ಟು ಉಜ್ಜಿ ಹೊತ್ತಿಸುತ್ತಿದ್ದ. ನಮ್ಮ ನೇರಳೆ, ಸೀಬೆಗಳ ಕುಟುಂಬದ ಮರ ಅದು. ಉರಿದರೆ ಸುವಾಸನೆ, ರಾತ್ರಿ ದೀಪಕ್ಕೂ ಅದೇ ಸೌದೆ. ಗುಡಿಸಲು ಕಟ್ಟಿದ್ದೂ ಅದರಲ್ಲೇ. ಉದ್ದ ಹುಲ್ಲಿನ ಹೊದಿಕೆ, ಒಳಗೋಡೆಗೆ ಮೇಕೆ ಚರ್ಮ. ಅಡುಗೆಗೆ ಚಿಕ್ಕದೊಂದು, ಮಲಗಲು ಓದಲು ದೊಡ್ಡದೊಂದು.

ಊಟದಲ್ಲಿ ಮೊದಲು ಕೈಕೊಟ್ಟದ್ದು ಉಪ್ಪು. ಕಡಲ ತುಂಬ ಮೀನಿದ್ದರೂ ಉಪ್ಪಿಲ್ಲದೆ ತಿಂದರೆ ಹೊಟ್ಟೆ ಕೆಟ್ಟು ಭೇದಿಯಾಗುತ್ತಿತ್ತು. ಹಾಗಾಗಿ ಮೀನು ಬಿಟ್ಟು ಅಲ್ಲಿನ ದೊಡ್ಡ ಲಾಬ್‌ಸ್ಟರ್‌ಗಳನ್ನು ಬೇಯಿಸಿಯೋ ಸುಟ್ಟೋ ತಿಂದ. (ಇಂದಿಗೂ ಆ ದ್ವೀಪದವರ ಮುಖ್ಯ ಸಂಪಾದನೆ ಅದೇ ಲಾಬ್‌ಸ್ಟರ್.) ಜೊತೆಗೆ ಮೇಕೆ ಮಾಂಸದ ಸಾರು, ಹಿಂದೆ ಬಂದ ನಾವಿಕರು ಬಿತ್ತಿ ಹೋಗಿದ್ದ ಟರ್ನಿಪ್, ಒಂದು ಬಗೆಯ ತಾಳೆಮರದ ಎಳೆಯ ಸುಳಿ.

ಮದ್ದು ಮುಗಿದ ಮೇಲೆ ಓಡಿಯೇ ಮೇಕೆ ಹಿಡಿದ. ಕೊಂದದ್ದು ಸುಮಾರು 500, ಹಿಡಿದು ಕಿವಿಗೆ ಗುರುತು ಹಾಕಿ ಬಿಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ. ಒಮ್ಮೆ ಪೊದೆಯ ಮರೆಯಲ್ಲಿದ್ದ ಪ್ರಪಾತ ಕಾಣದೆ ಮೇಕೆಯ ಸಮೇತ ಕೆಳಗೆ ಬಿದ್ದ. ಪ್ರಜ್ಞೆ ಬಂದಾಗ ಮೇಕೆ ಅವನಡಿಯಲ್ಲಿ ಸತ್ತುಬಿದ್ದಿತ್ತು. ಒಂದು ಮೈಲಿ ತೆವಳಿ ಗುಡಿಸಲು ಸೇರಿದವನು ಹತ್ತು ದಿನ ಹೊರಗೆ ಬರಲಿಲ್ಲ.

ಇಲಿಗಳು ನಿದ್ದೆಯಲ್ಲಿ ಪಾದ, ಬಟ್ಟೆ ಕಡಿಯುತ್ತಿದ್ದವು. ಕಾಡುಬಿದ್ದಿದ್ದ ಬೆಕ್ಕುಗಳಿಗೆ ಮೇಕೆ ಮಾಂಸ ಹಾಕಿ ಪಳಗಿಸಿದ. ಅವು ಸುತ್ತ ಮಲಗತೊಡಗಿದ ಮೇಲೆ ಇಲಿಗಳ ಉಪದ್ರವ ನಿಂತಿತು.

ನನಗೆ ತುಂಬ ಹಿಡಿಸುವುದು ಅವನ ಕೈಕೆಲಸ. ಚಾಕು ಸವೆದು ಬೆನ್ನಷ್ಟೇ ಉಳಿದಾಗ, ದಡದಲ್ಲಿ ಯಾರೋ ಬಿಟ್ಟುಹೋಗಿದ್ದ ಪೀಪಾಯಿಯ ಕಬ್ಬಿಣದ ಪಟ್ಟಿ ಹೆಕ್ಕಿ, ತೆಳ್ಳಗೆ ಬಡಿದು, ಕಲ್ಲಿಗೆ ಮಸೆದು ಹೊಸ ಚಾಕು ಮಾಡಿಕೊಂಡ. ಸೂಜಿಗೆ ಬದಲು ಒಂದು ಮೊಳೆ. ಮೇಕೆ ಚರ್ಮದ ಅಂಗಿ, ಟೋಪಿಗಳನ್ನು ಅದೇ ಚರ್ಮದ ಸಣ್ಣ ಬಾರಿನಿಂದ ಹೊಲಿದ. ಲಿನನ್ ಬಟ್ಟೆಯ ಅಂಗಿಗೆ ಹಳೆಯ ಕಾಲುಚೀಲ ಬಿಚ್ಚಿ ಉಣ್ಣೆದಾರ ತೆಗೆದ.

ಹಾಯಿಹಗ್ಗ

ಕಾದಂಬರಿಗೂ ಇದಕ್ಕೂ ಇರುವ ದೊಡ್ಡ ಅಂತರ ಇಲ್ಲೇ ಇದೆ. ಕ್ರೂಸೋ 13 ದಿನದಲ್ಲಿ 11 ಸಲ ಒಡೆದ ಹಡಗಿಗೆ ಹೋಗಿ ಬಡಗಿಯ ಪೆಟ್ಟಿಗೆ, ಕೋವಿಗಳು, ಪೀಪಾಯಿಗಟ್ಟಲೆ ಮದ್ದು, ಹಾಯಿಬಟ್ಟೆ, ರಮ್ ಎಲ್ಲ ಹೊತ್ತು ತರುತ್ತಾನೆ. ಅವನದು ಕೂಡಿಡುವವನ ಕತೆ, ಸೆಲ್ಕರ್ಕ್‌ನದು ಎಲ್ಲವೂ ತೀರಿದ ಮೇಲಿನ ಕತೆ. ಅವಧಿಯೂ ಬೇರೆ: ಇವನು 4 ವರ್ಷ 4 ತಿಂಗಳು, ಕ್ರೂಸೋ 28 ವರ್ಷ. ಜಾಗವೂ ಬೇರೆ: ಕ್ರೂಸೋ ದ್ವೀಪ ಅಟ್ಲಾಂಟಿಕ್ ಕಡೆ, ಒರಿನೋಕೊ ನದಿಮುಖದ ಹತ್ತಿರ. ಆ ಸೆಖೆಯಲ್ಲಿ ಅವನು ಮೇಕೆ ಚರ್ಮ ಹೊದ್ದು ಓಡಾಡುವುದನ್ನು ನೋಡಿದರೆ, ಚಳಿಗಾಲದಲ್ಲಿ ಆಲಿಕಲ್ಲು ಬೀಳುವ ಸೆಲ್ಕರ್ಕ್ ದ್ವೀಪದಿಂದಲೇ ಆ ಉಡುಪು ಬಂದಿದೆ ಅನ್ನಿಸುತ್ತದೆ.

ಡೆಫೊ ಅವನನ್ನು ಭೇಟಿಯಾಗಿದ್ದಕ್ಕೆ ಗಟ್ಟಿ ದಾಖಲೆಯಿಲ್ಲ, ಅಗತ್ಯವೂ ಇರಲಿಲ್ಲ. ರಾಜರ್ಸ್ ಪುಸ್ತಕದ ಮರುವರ್ಷವೇ, 1713ರಲ್ಲಿ, ರಿಚರ್ಡ್ ಸ್ಟೀಲ್ ಸೆಲ್ಕರ್ಕ್ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದ. ಕಾದಂಬರಿ ಬಂದದ್ದು 1719ರ ಏಪ್ರಿಲ್ 25ರಂದು. ಸಿಂಹಳದ ಕ್ಯಾಂಡಿ ಅರಸನ ಬಳಿ 1660ರಿಂದ ಸುಮಾರು 19 ವರ್ಷ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್‌ನ ಪುಸ್ತಕವೂ ಡೆಫೊಗೆ ಗೊತ್ತಿತ್ತು.

ಹಳೆಪುಟ

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ: ಗುಡಿಸಲಿದ್ದ ಜಾಗ ಸಿಕ್ಕಿದೆಯೇ? ಕಾದಂಬರಿಯಲ್ಲಿ ಕ್ರೂಸೋಗೆ ಜೊತೆಗಾರನಾಗುವ ಫ್ರೈಡೇಗೂ ಯಾರಾದರೂ ಮೂಲ ಇದ್ದಾರೆಯೇ?

ಪಡುಗಡಲು

ದ್ವೀಪಕ್ಕೆ 1966ರಲ್ಲಿ ಚಿಲಿ ಸರ್ಕಾರ ರಾಬಿನ್‌ಸನ್ ಕ್ರೂಸೋ ಎಂದೇ ಹೆಸರಿಟ್ಟಿತು. ಸೆಲ್ಕರ್ಕ್ ಹೆಸರು ಅದೇ ದ್ವೀಪಸಮೂಹದ ಇನ್ನೊಂದು ದ್ವೀಪಕ್ಕೆ ಹೋಯಿತು, ಅವನು ಅಲ್ಲಿ ಇರಲೇ ಇಲ್ಲ! 2005ರಲ್ಲಿ ಅಗ್ವಾಸ್ ಬ್ವೆನಾಸ್ ಎಂಬಲ್ಲಿ ಅಗೆದಾಗ ಬೆಂಕಿ ಹಾಕಿದ ಗುರುತುಗಳ ಜೊತೆ 16 ಮಿ.ಮೀ. ಉದ್ದದ ಲೋಹದ ಚೂರು ಸಿಕ್ಕಿತು. ಅದು ನಕ್ಷೆಯ ಮೇಲೆ ದೂರ ಅಳೆಯುವ ಕೈವಾರದ ತುದಿ ಎಂದು ಉತ್ಖನನಕಾರರು ಗುರುತಿಸಿದರು. ಮಾಸ್ಟರ್ ಆಗಿದ್ದವನ ಬಳಿ ಇರಬೇಕಾದ ವಸ್ತುವೇ ಅದು.

ಹಾಯಿಹಗ್ಗ

ಫ್ರೈಡೇ ವಿಷಯದಲ್ಲಿ ವಿಲ್ ಎಂಬ, ಮಧ್ಯ ಅಮೆರಿಕದ ಮೂಲನಿವಾಸಿಗಳಾದ ಮಿಸ್ಕಿಟೊ ಜನಾಂಗದವನನ್ನು ಮರೆಯಬಾರದು. ಅವನೇ ಮೂಲ ಎಂದು ಸಾಧಿಸಲಾಗದು, ಆದರೆ ಡ್ಯಾಂಪಿಯರ್ 1697ರಲ್ಲೇ ಅವನ ಕತೆ ಅಚ್ಚು ಹಾಕಿಸಿದ್ದ. ಸೆಲ್ಕರ್ಕ್‌ಗಿಂತ 20 ವರ್ಷಕ್ಕೂ ಹಿಂದೆ, 1681ರಲ್ಲಿ, ಇದೇ ದ್ವೀಪ. ವಿಲ್ ಕಾಡಿನಲ್ಲಿ ಮೇಕೆ ಬೇಟೆಗೆ ಹೋಗಿದ್ದಾಗ ಸ್ಪೇನಿನ ಹಡಗುಗಳು ಕಂಡು ಅವನ ಹಡಗು ಅವಸರದಲ್ಲಿ ಹೊರಟುಹೋಯಿತು. ಮದ್ದು ಮುಗಿದ ಮೇಲೆ ಅವನು ಚಾಕುವಿಗೆ ಹಲ್ಲು ಕೊರೆದು ಗರಗಸ ಮಾಡಿ, ಕೋವಿಯ ನಳಿಗೆಯನ್ನೇ ತುಂಡರಿಸಿದ. ತುಂಡುಗಳನ್ನು ಕಾಯಿಸಿ ಬಡಿದು ಈಟಿ, ಗಾಳ, ಉದ್ದನೆಯ ಚಾಕು ಮಾಡಿದ. ಗಾಳಕ್ಕೆ ಸೀಲ್ ಚರ್ಮದ ದಾರ.

1684ರ ಮಾರ್ಚ್‌ನಲ್ಲಿ ಡ್ಯಾಂಪಿಯರ್ ಇದ್ದ ಹಡಗು ಬಂತು. ಮೊದಲು ದಡಕ್ಕೆ ಹಾರಿದವನು ಅದೇ ಜನಾಂಗದ ರಾಬಿನ್. ವಿಲ್‌ನ ಪಾದದ ಬಳಿ ಬೋರಲು ಬಿದ್ದ. ವಿಲ್ ಎತ್ತಿ ಅಪ್ಪಿಕೊಂಡು, ತಾನೂ ಅವನ ಪಾದದ ಬಳಿ ಹಾಗೆಯೇ ಬಿದ್ದ. ಹಿಂದಿನ ದಿನವೇ ಹಡಗನ್ನು ಕಂಡಿದ್ದ ಅವನು ಬೆಳಿಗ್ಗೆ ಮೂರು ಮೇಕೆ ಕೊಯ್ದು, ತಾಳೆಸುಳಿ ಹಾಕಿ, ಬರುವವರಿಗೆಲ್ಲ ಅಡುಗೆ ಮಾಡಿಟ್ಟಿದ್ದ.